ಒಂದನೇ ಶನಿವಾರ, ಮೂರನೇ ಶನಿವಾರ

ಬೇರೆಯಾದ ಗಂಡ-ಹೆಂಡಿರ ನಡುವೆ ಇನ್ನೂ ಜಗಳ ಉಳಿದಿದ್ದರೆ ಅದು ಹೊರಬೀಳುವುದು ಹೆಚ್ಚಾಗಿ ಮಗುವನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವ ಐದು ನಿಮಿಷದಲ್ಲಿ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಸೆಕ್ಯೂರಿಟಿಯವನು ನೋಡುತ್ತಿರುವಾಗ, ಮಗುವಿನ ಕೈ ಒಬ್ಬರ ಹಿಡಿತದಲ್ಲಿ, ಬ್ಯಾಗು ಇನ್ನೊಬ್ಬರ ಹೆಗಲಲ್ಲಿ. ಮಾಜಿ ಸಂಗಾತಿ ಮಾತಿಗೆ ನಿಲ್ಲುವವರಾದರೆ ಇದು ಹೇಗೋ ಸಾಗುತ್ತದೆ. ನಿಲ್ಲದವರಾದರೆ, ಅವರನ್ನು ತಿದ್ದುವ ಆಸೆ ಬಿಟ್ಟು ಆ ಐದು ನಿಮಿಷವನ್ನೇ ಆದಷ್ಟು ಇಲ್ಲವಾಗಿಸಬೇಕು. ಶನಿವಾರ-ಭಾನುವಾರದ ಒಂದು ಭೇಟಿಯನ್ನೇ ಹಿಡಿದು ಹೇಳುವುದು ಸುಲಭ.

ಆ ಶನಿವಾರ ಕೆಡುವುದು ಎಷ್ಟೋ ತಿಂಗಳ ಮೊದಲು, ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿ ಬರೆಸುವಾಗ. ‘ಮಗುವನ್ನು ಭೇಟಿಯಾಗಲು ಸೂಕ್ತ ಅವಕಾಶ ಇರತಕ್ಕದ್ದು’ ಅಂತ ಒಂದು ಸಾಲು ಹಾಕಿ ಸಹಿ ತೆಗೆದುಕೊಂಡುಬಿಡುತ್ತಾರೆ. ಆ ಹೊತ್ತಿಗೆ ಇಬ್ಬರಿಗೂ ಒಮ್ಮೆ ಮುಗಿದರೆ ಸಾಕಾಗಿರುತ್ತದೆ. ಆಮೇಲೆ ಎಷ್ಟು ಗಂಟೆಗೆ, ಎಲ್ಲಿ, ಯಾರು ಕರೆದುಕೊಂಡು ಹೋಗಬೇಕು, ಯಾರು ತಂದು ಬಿಡಬೇಕು ಎಂಬ ಪ್ರತಿ ಪ್ರಶ್ನೆಯೂ ಒಂದೊಂದು ಜಗಳ. ದಿನ, ಗಂಟೆ, ಜಾಗ, ಎಷ್ಟು ನಿಮಿಷ ಕಾಯಬೇಕು, ತಪ್ಪಿದ ಭೇಟಿಗೆ ಬದಲಿ ದಿನ ಯಾವುದು, ಇಷ್ಟೂ ಕಾಗದದಲ್ಲಿ ಬರಲಿ. ಮೀಡಿಯೇಷನ್‌ನಲ್ಲಿ ಕೂತಾಗ ಇದಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿದರೂ ಪರವಾಗಿಲ್ಲ.

‘ವಾರ ಬಿಟ್ಟು ವಾರ’ ಅಂತ ಬರೆಸಬೇಡಿ. ದಸರಾ ರಜೆ ಮುಗಿದ ಮೇಲೆ ಈ ವಾರ ಯಾರದು ಎಂಬ ಲೆಕ್ಕ ಇಬ್ಬರಿಗೂ ಬೇರೆ ಬೇರೆ ಬರುತ್ತದೆ. ‘ಒಂದನೇ ಮತ್ತು ಮೂರನೇ ಶನಿವಾರ’ ಅಂದರೆ ಕ್ಯಾಲೆಂಡರೇ ಸಾಕ್ಷಿ. ಇದರಲ್ಲೂ ಒಂದು ತೊಡಕಿದೆ: ಐದು ಶನಿವಾರ ಬರುವ ತಿಂಗಳಲ್ಲಿ ಮುಂದಿನ ಭೇಟಿಗೆ ಮೂರು ವಾರ ಕಾಯಬೇಕು. ಐದನೇ ಶನಿವಾರ ಯಾರದೆಂದು ಮೊದಲೇ ಬರೆಸಿದರೆ ಮುಗಿಯಿತು. ಭೇಟಿಗೆ ಬರುವವರು ಬ್ಯಾಂಕಿನಲ್ಲೋ ರಾಜ್ಯ ಸರ್ಕಾರದ ಕೆಲಸದಲ್ಲೋ ಇದ್ದರೆ ಅವರಿಗೆ ರಜೆ ಎರಡನೇ ಮತ್ತು ನಾಲ್ಕನೇ ಶನಿವಾರ. ಒಂದು-ಮೂರು ಒಪ್ಪಿಕೊಂಡು ಆಮೇಲೆ ಪರದಾಡುವವರಿದ್ದಾರೆ.

ಹಬ್ಬಗಳನ್ನು ತಾರೀಕಿನಿಂದಲ್ಲ, ಹೆಸರಿನಿಂದ ಬರೆಸಬೇಕು. ಗೌರಿ ಅಮ್ಮನ ಮನೆಯಲ್ಲಿ, ಗಣೇಶ ಅಪ್ಪನ ಮನೆಯಲ್ಲಿ ಅಂತ ಹಂಚಿಕೊಂಡವರಿಗೆ ಎರಡೂ ಒಂದೇ ದಿನ ಬಂದ ವರ್ಷ ಫಜೀತಿ. ಸಮ ಸಂಖ್ಯೆಯ ವರ್ಷ ಒಬ್ಬರಿಗೆ, ಬೆಸ ಸಂಖ್ಯೆಯ ವರ್ಷ ಇನ್ನೊಬ್ಬರಿಗೆ ಅಂದರೆ ಪಂಚಾಂಗ ಹೇಗೆ ತಿರುಗಿದರೂ ನಡೆಯುತ್ತದೆ. ಹಬ್ಬದ ಹಿಂದಿನ ಸಂಜೆ 6 ಗಂಟೆಯಿಂದ ಎಂದೂ ಸೇರಿಸಿ, ಇಲ್ಲವಾದರೆ ಎಣ್ಣೆ-ಸ್ನಾನ ಯಾರ ಮನೆಯಲ್ಲಿ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಒಪ್ಪಿಸಲು ಎಲ್ಲಕ್ಕಿಂತ ಒಳ್ಳೆಯ ಜಾಗ ಶಾಲೆ. ಶುಕ್ರವಾರ ಒಬ್ಬರು ಬೆಳಿಗ್ಗೆ ಬಿಡುತ್ತಾರೆ, ಸಂಜೆ ಇನ್ನೊಬ್ಬರು ಕರೆದುಕೊಂಡು ಹೋಗುತ್ತಾರೆ. ಸೋಮವಾರ ಅವರೇ ಶಾಲೆಗೆ ಬಿಡುತ್ತಾರೆ. ಇಬ್ಬರೂ ಮುಖ ನೋಡುವ ಪ್ರಮೇಯವೇ ಇಲ್ಲ. ಶನಿವಾರ ಬೆಳಗಿನ ತರಗತಿ ಇರುವ ಶಾಲೆಯಾದರೆ ‘ಶನಿವಾರ ಶಾಲೆ ಬಿಟ್ಟ ಮೇಲೆ’ ಅಂತ ಬರೆಸಿ, 10 ಗಂಟೆ ಅಂತಲ್ಲ. ಇದಕ್ಕೆ ಶಾಲೆಗೆ ಆದೇಶದ ನಕಲು, ಕರೆದುಕೊಂಡು ಹೋಗಬಹುದಾದವರ ಹೆಸರು, ಫೋಟೊ ಕೊಟ್ಟಿರಬೇಕು. ಆ ಮನೆಯಲ್ಲೂ ಒಂದು ಜೊತೆ ಯೂನಿಫಾರ್ಮ್, ಶೂ, ಹಲ್ಲುಜ್ಜುವ ಬ್ರಷ್, ಒಳಉಡುಪು ಇರಲಿ. ಸಾವಿರ ಚಿಲ್ಲರೆ ರೂಪಾಯಿ ಖರ್ಚಾದೀತು, ಆದರೆ ‘ಸಾಕ್ಸ್ ಎಲ್ಲಿ’ ಎಂಬ ಫೋನು ನಿಲ್ಲುತ್ತದೆ.

ಶುಕ್ರವಾರ ರಾತ್ರಿ ಬರುವ ಮೆಸೇಜು ಸಾಮಾನ್ಯವಾಗಿ ಹೀಗಿರುತ್ತದೆ: ‘ನಿಮ್ಮಮ್ಮ ಅವನ ತಲೇಲಿ ಏನು ತುಂಬಿದ್ದಾರೆ ಅಂತ ಗೊತ್ತು. ಬರಲ್ಲ ಅಂತ ಅಳ್ತಿದಾನೆ. ಜ್ವರ ಬೇರೆ.’ ಇದರಲ್ಲಿ ಉತ್ತರ ಬೇಡುವುದು ಕೊನೆಯ ಎರಡು ಪದ ಮಾತ್ರ. ‘ಜ್ವರ ಎಷ್ಟಿದೆ, ಯಾವ ಔಷಧಿ ಎಷ್ಟು ಗಂಟೆಗೆ ಕೊಟ್ಟದ್ದು ತಿಳಿಸಿ. ಚೀಟಿ ಇದ್ದರೆ ಫೋಟೊ ಕಳಿಸಿ. ನಾಳೆ ಹೇಳಿದ ಹೊತ್ತಿಗೆ ಬರುತ್ತೇನೆ.’ ಅಷ್ಟೇ. ಅಮ್ಮನ ವಿಷಯಕ್ಕೆ ಕೈ ಹಾಕಿದಿರೋ ರಾತ್ರಿ 12ರವರೆಗೆ ಟೈಪ್ ಮಾಡುತ್ತಿರುತ್ತೀರಿ, ಆ ಸಾಲುಗಳೆಲ್ಲ ಮುಂದೆ ಕೋರ್ಟಿನಲ್ಲಿ ನಿಮ್ಮ ಹೆಸರಲ್ಲೇ ಓದಿಸಿಕೊಳ್ಳುತ್ತವೆ. ವಾಟ್ಸಾಪ್‌ನಲ್ಲಿ ತಾನಾಗಿ ಅಳಿಯುವ ಸೆಟ್ಟಿಂಗ್ ಆಫ್ ಇರಲಿ, ಆಗಾಗ ಚಾಟ್ ಎಕ್ಸ್‌ಪೋರ್ಟ್ ಮಾಡಿಡಿ. ಸಾಕ್ಷಿಯಾಗಿ ಕೊಡುವಾಗ ಎಲೆಕ್ಟ್ರಾನಿಕ್ ದಾಖಲೆಗೆಂದು ಇರುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಬರೀ ಸ್ಕ್ರೀನ್‌ಶಾಟ್ ಸಾಲದು.

ಜ್ವರದ ಮಾತು ಬಂತು. ಎರಡು ಮನೆ ಇರುವ ಮಗುವಿಗೆ ನಿಜವಾದ ಅಪಾಯ ಇಲ್ಲಿದೆ. ಪ್ಯಾರಸಿಟಮಾಲ್ ಸಿರಪ್ಪು 5 ಮಿಲಿಯಲ್ಲಿ 120 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ ಅಂದರೆ 16 ಕೆಜಿ ಮಗುವಿಗೆ 160ರಿಂದ 240. ಮೊದಲನೇ ಬಾಟಲಿಯಲ್ಲಿ 8 ಮಿಲಿ ಕೊಟ್ಟರೆ 192, ಸರಿಯಾಯಿತು. ಆ ಮನೆಯಲ್ಲಿರುವುದು ಎರಡನೇ ಬಾಟಲಿ, ‘8 ಮಿಲಿ ಕೊಡ್ತಿದ್ರು’ ಅಂತ ಅದರಲ್ಲೇ 8 ಮಿಲಿ ಕೊಟ್ಟರೆ 400 ಹೋಯಿತು. ಅದರ ಮೇಲೆ ಹಿಂದಿನ ಡೋಸ್ ಎರಡೇ ಗಂಟೆ ಮುಂಚೆ ಕೊಟ್ಟಿದ್ದರೆ? ಮಾತು ಬಿಟ್ಟವರೂ ಬ್ಯಾಗಿನಲ್ಲಿ ಒಂದು ಚೀಟಿ ಇಡಬಹುದು: ಔಷಧಿಯ ಹೆಸರು, ಎಷ್ಟರ ಬಾಟಲಿ, ಎಷ್ಟು ಮಿಲಿ, ಎಷ್ಟು ಗಂಟೆಗೆ. ಬಾಟಲಿಯನ್ನೇ ಜೊತೆಗೆ ಕಳಿಸುವುದು ಇನ್ನೂ ಮೇಲು.

ಹೋದರೆ ಗೇಟು ತೆಗೆಯಲಿಲ್ಲ ಅನ್ನಿ. ಕೂಗಾಡಬಾರದು, ನೂರಾಹನ್ನೆರಡಕ್ಕೆ ಫೋನ್ ಮಾಡಿ ಮಗುವಿನ ಎದುರು ಪೊಲೀಸರನ್ನು ನಿಲ್ಲಿಸಬಾರದು. ‘10 ಗಂಟೆಯಿಂದ ಗೇಟಿನಲ್ಲಿದ್ದೇನೆ, 10.30ರವರೆಗೆ ಇರುತ್ತೇನೆ’ ಎಂದು ಲೊಕೇಷನ್ ಸಮೇತ ಮೆಸೇಜು ಹಾಕಿ, ಆ ಹೊತ್ತಿನವರೆಗೆ ಇದ್ದು ಹೊರಡಿ. ಒಂದು ಸಲ ತಪ್ಪಿದ್ದಕ್ಕೆ ಕೋರ್ಟು ಹೆಚ್ಚು ತಲೆ ಕೆಡಿಸಿಕೊಳ್ಳಲಿಕ್ಕಿಲ್ಲ, ಸಾಲಾಗಿ ತಪ್ಪಿದ್ದಕ್ಕೆ ದಾಖಲೆ ಇದ್ದರೆ ಕೇಳುತ್ತದೆ. ಆಗ ವಕೀಲರ ಮೂಲಕ ಆದೇಶ ಜಾರಿಗೆ ಅರ್ಜಿ ಹಾಕಿ. ಸಿಟ್ಟಿಗೆ ಜೀವನಾಂಶ ನಿಲ್ಲಿಸುವುದು, ಜೀವನಾಂಶ ಬರಲಿಲ್ಲವೆಂದು ಮಗುವನ್ನು ಕಳಿಸದಿರುವುದು, ಎರಡೂ ಹಾಗೆ ಮಾಡಿದವರಿಗೇ ತಿರುಗಿ ಬಡಿಯುತ್ತವೆ. ಹಣ ಬ್ಯಾಂಕಿನಿಂದಲೇ ಹೋಗಲಿ, ನಗದು ಬೇಡ. ಫೀಸು ಸೀದಾ ಶಾಲೆಗೆ ಕಟ್ಟಿ.

ನಡುವಿನ ದಿನಗಳಿಗೆ ವಿಡಿಯೊ ಕಾಲ್. ಮಗು ಜೊತೆಯಲ್ಲಿಲ್ಲದ ತಂದೆ ಅಥವಾ ತಾಯಿಗೆ ದಿನಕ್ಕೆ 5-10 ನಿಮಿಷ ಮಾತಾಡಲು ಅವಕಾಶ ಇರಬೇಕೆಂದು ಸುಪ್ರೀಂ ಕೋರ್ಟೇ 2020ರಲ್ಲಿ ಹೇಳಿದೆ. ಊಟಕ್ಕೆ ಮುಂಚೆ 7.30 ಅಂತ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ನಾಲ್ಕು ವರ್ಷದ ಮಗು ಮೂರನೇ ನಿಮಿಷಕ್ಕೆ ಎದ್ದು ಓಡಿದರೆ ಅದು ಆ ಮನೆಯವರ ಕುತಂತ್ರವಲ್ಲ, ನಾಲ್ಕು ವರ್ಷ ಅಷ್ಟೇ. ‘ಅಲ್ಲಿ ಯಾರು ಬಂದಿದ್ರು’ ಎಂಬ ವಿಚಾರಣೆ ಶುರುವಾದ ಮನೆಯಲ್ಲಿ ಮಕ್ಕಳು ಬೇಗ ಕಲಿಯುವುದು ಇಲ್ಲಿಗೊಂದು ಅಲ್ಲಿಗೊಂದು ಕಥೆ ಹೇಳುವುದನ್ನು.

ಹೊಡೆತ-ಬಡಿತ, ಕುಡಿತ, ಮಗುವಿನ ಮೇಲೆ ಕೈ ಮಾಡುವುದು ಇದ್ದಲ್ಲಿ ಮೇಲಿನ ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ಬೇಕಾದದ್ದು ಮೂರನೆಯವರ ಎದುರಿನ ಭೇಟಿ, ಇಲ್ಲವೇ ಭೇಟಿಗೇ ತಡೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರಿಗೆ ಆ ಅಧಿಕಾರವಿದೆ. ತುರ್ತಿಗೆ ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಐದು ವರ್ಷದ ಮಗುವಿಗೆಂದು ಬರೆಸಿದ ವೇಳಾಪಟ್ಟಿ ಹನ್ನೆರಡರ ಹೊತ್ತಿಗೆ ಹರಿದಿರುತ್ತದೆ. ಶನಿವಾರ ಕ್ರಿಕೆಟ್ ಕೋಚಿಂಗು, ಭಾನುವಾರ ಗೆಳತಿಯ ಬರ್ತ್‌ಡೇ. ಕಸ್ಟಡಿ ಆದೇಶ ಎಂದೂ ಕೊನೆಯದಲ್ಲ, ಮಾರ್ಪಾಡಿಗೆ ಅರ್ಜಿ ಹಾಕಬಹುದು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದೆಂದು ಮಕ್ಕಳ ಪಾಲನೆ ಕುರಿತ 1890ರ ಕಾಯ್ದೆಯಲ್ಲೇ (ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆ್ಯಕ್ಟ್) ಇದೆ. ನಮ್ಮ ಕರ್ನಾಟಕ ಹೈಕೋರ್ಟು 2013ರಲ್ಲಿ ಹನ್ನೆರಡರ ಹುಡುಗನೊಬ್ಬನ ವರ್ಷವನ್ನೇ ಹಂಚಿತ್ತು: ಜೂನ್‌ವರೆಗೆ ತಂದೆ, ಜುಲೈಯಿಂದ ತಾಯಿ. ಎರಡೂ ಮನೆಯಿಂದ ಒಂದೇ ಶಾಲೆಗೆ ಹೋಗಿಬರಲು ಆಗುವುದಾದರೆ ಮಾತ್ರ ಇಂಥದ್ದನ್ನು ಕೇಳಿ.