ಮೇಡಂಗೆ ಹೇಳಿ ಸಾರ್

"ಮೇಡಂಗೆ ಹೇಳಿ ಸಾರ್, ಬಾಲ್ ಒಂದೇ ಸಿಗಲ್ಲ, ಪೂರ್ತಿ ಸೆಟ್ಟೇ ತಗೋಬೇಕು."

ಮೇಡಂ ನನ್ನ ಪಕ್ಕದಲ್ಲೇ ನಿಂತಿದ್ದಳು. ಸಂಪಿನ ವಾಲ್ವಿಗೆ ಬಾಲ್ ಕೇಳಿದವಳೂ ಅವಳೇ. ಹಾರ್ಡ್‌ವೇರ್ ಅಂಗಡಿಯವನು ಉತ್ತರ ಕೊಟ್ಟಿದ್ದು ಮಾತ್ರ ನನಗೆ. ಅಷ್ಟಾದರೆ ಅವನ ಪೆದ್ದುತನ ಅಂತ ಬಿಡಬಹುದಿತ್ತು. ನಾನು ಅವಳ ಕಡೆ ತಿರುಗಿ, "ಬಾಲ್ ಒಂದೇ ಸಿಗಲ್ವಂತೆ ಕಣೇ" ಅಂದುಬಿಟ್ಟೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಕೇಳಿಸ್ತು ರೀ" ಅಂದಳು. ವಾರವಾಯಿತು, ಆ "ಕೇಳಿಸ್ತು ರೀ" ಇನ್ನೂ ಕಿವಿಯಲ್ಲಿದೆ.

ಶುರುವಾದದ್ದು ಆಯುಧಪೂಜೆಯ ಸಂಜೆ. ಸಂಪು ತುಂಬಿ ನೀರು ಅಂಗಳಕ್ಕೆ ಹರಿಯುತ್ತಿತ್ತು. ಪೈಪ್ ರೆಂಚು, ಸ್ಪ್ಯಾನರು, ಕಟಿಂಗ್ ಪ್ಲೇಯರು ಎಲ್ಲವೂ ದೇವರ ಮುಂದೆ ಮಣೆಯ ಮೇಲೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು ಕೂತಿದ್ದವು. ಮಾರನೆಯ ದಿನ ಪುನಃ ಪೂಜೆ ಆಗುವವರೆಗೆ ಮುಟ್ಟುವ ಹಾಗಿಲ್ಲ. ಮೀಟರ್ ಪಕ್ಕದ ಗೇಟ್ ವಾಲ್ವ್ ತಿರುಗಿಸಲು ಹೋದೆ. ಚಕ್ರ ತಿರುಗಿತು, ನೀರು ನಿಲ್ಲಲಿಲ್ಲ. ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿನ ತಗಡು ಸುಣ್ಣ ಕಟ್ಟಿಕೊಂಡು ಕಚ್ಚಿಕೊಳ್ಳುತ್ತದೆ, ಮೇಲಿನ ಚಕ್ರ ಮಾತ್ರ ಸುತ್ತುತ್ತದೆ. ಮೂರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆದು, ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಂದು ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಇದನ್ನು ಅವಳು ನನಗೆ ಹಿಂದೆಯೂ ಹೇಳಿದ್ದಳು.

ನಾನು ಪ್ಲಂಬರ್ ನಂಬರ್ ಹುಡುಕುವಷ್ಟರಲ್ಲಿ ಅವಳು ಹೂ ಕಟ್ಟುವ ದಾರದ ಉಂಡೆ ತಂದು, ಸಂಪಿನ ಮುಚ್ಚಳ ಸರಿಸಿ, ಸಂಪು ತುಂಬಿದೊಡನೆ ನೀರು ನಿಲ್ಲಿಸುವ ಫ್ಲೋಟ್ ವಾಲ್ವಿನ, ತುದಿಯಲ್ಲಿ ತೇಲುವ ಬಾಲಿರುವ ಕಡ್ಡಿಯನ್ನು ಮೇಲಕ್ಕೆತ್ತಿ ಮುಚ್ಚಳದ ಕೊಂಡಿಗೆ ಕಟ್ಟಿದಳು. ನೀರು ನಿಂತಿತು. ಎರಡು ನಿಮಿಷದ ಕೆಲಸ, ಒಂದೂ ಆಯುಧ ಮುಟ್ಟಲಿಲ್ಲ.

ಫ್ಲೋಟ್ ವಾಲ್ವ್ ಕೆಡುವುದು ಮುಖ್ಯವಾಗಿ ಮೂರು ಕಾರಣಕ್ಕೆ, ಯಾವುದು ಅಂತ ಮೊದಲು ತಿಳಿಯಬೇಕು. ಬಾಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಳುಗುಳು ಅಂದರೆ ಜೋಡಿಸಿದ ಗೆರೆಯಲ್ಲಿ ಬಿರುಕು ಬಿಟ್ಟು ಒಳಗೆ ನೀರು ಹೊಕ್ಕಿದೆ ಅಂತ ಅರ್ಥ. ಭಾರವಾದ ಬಾಲು ತೇಲುವುದಿಲ್ಲ, ತೇಲದಿದ್ದರೆ ಕಡ್ಡಿ ಏಳುವುದಿಲ್ಲ. ಬಾಲು ಚೆನ್ನಾಗಿದ್ದೂ ಸಣ್ಣಗೆ ಸೋರುತ್ತಿದ್ದರೆ ಒಳಗಿನ ರಬ್ಬರ್ ವಾಷರ್ ಸವೆದು ಉಂಗುರದ ಗುರುತು ಬಿದ್ದಿರುತ್ತದೆ. ಎರಡೂ ಅಲ್ಲದಿದ್ದರೆ ಮರಳಿನ ಕಣ ಸಿಕ್ಕಿಕೊಂಡಿರುತ್ತದೆ. ನಲ್ಲಿ ಕೆಲಸಕ್ಕೆ ರಸ್ತೆ ಅಗೆದ ವಾರದಲ್ಲಿ ಇದೇ ಹೆಚ್ಚು. ನಮ್ಮದು ಗುಳುಗುಳು. ಒಂದು ಲೀಟರಿನ ಖಾಲಿ ಬಾಟಲಿಯ ಮುಚ್ಚಳ ಬಿಗಿದು, ಬಾಲಿನ ಜಾಗಕ್ಕೆ ಕಟ್ಟಿ ಎರಡು ದಿನ ತಳ್ಳಿದೆವು. ಚೆನ್ನಾಗಿಯೇ ಕೆಲಸ ಮಾಡಿತು. ನನ್ನನ್ನು ಕೇಳಿದ್ದರೆ ಅದನ್ನೇ ಬಿಟ್ಟುಬಿಡೋಣ ಅನ್ನುತ್ತಿದ್ದೆ. ಯಾರೂ ಕೇಳಲಿಲ್ಲ.

ಹೀಗೆ ಶನಿವಾರ ಅಂಗಡಿಗೆ ಹೋದದ್ದು. ಅವಳು ಹಳೆಯ ಬಾಲನ್ನು ಚೀಲದಲ್ಲಿ ತಂದಿದ್ದಳು. "ಮುಕ್ಕಾಲು ಇಂಚಿನ ವಾಲ್ವು, ಹಿತ್ತಾಳೆ ಬಾಡಿ ಚೆನ್ನಾಗಿದೆ. ಈ ಥ್ರೆಡ್ಡಿಗೆ ಕೂರೋ ಬಾಲು, ಒಂದು ವಾಷರು, ಒಂದು ಹಿತ್ತಾಳೆ ಸ್ಪ್ಲಿಟ್ ಪಿನ್ನು ಕೊಡಪ್ಪ" ಅಂದಳು. ಅವನು ನನ್ನನ್ನು ನೋಡಿದ. ನಾನು ಬೋರ್ಡ್ ಓದುತ್ತಿದ್ದೆ. ಆಮೇಲೆ ಆ ಮಾತು: ಮೇಡಂಗೆ ಹೇಳಿ ಸಾರ್.

ಹುಡುಗ ಕೆಟ್ಟವನಲ್ಲ. ಅವನ ಅಂಗಡಿಗೆ ಹೆಂಗಸರು ಬರುವುದು ಬಣ್ಣದ ಕಾರ್ಡ್ ನೋಡಲು, ಗಂಡಸರು ಬರುವುದು ದುಡ್ಡು ಕೊಡಲು, ಮೇಸ್ತ್ರಿ ಬರುವುದು ಸಾಮಾನು ಒಯ್ಯಲು. ಈ ಮೂರರಲ್ಲಿ ಅವಳು ಯಾವುದಕ್ಕೂ ಸೇರಲಿಲ್ಲ. ಅವಳು ಕೌಂಟರಿನ ಮೇಲೆ ಬಾಲು ಇಟ್ಟು, "ಆ ಮೇಲ್ಗಡೆ ಡಬ್ಬದಲ್ಲಿ ಕಾಣ್ತಿದೆಯಲ್ಲ, ಅದು ಏನು?" ಅಂದಳು. ಡಬ್ಬ ಇಳಿಯಿತು. ಬಾಲು ಬಿಡಿಯಾಗಿಯೇ ಸಿಕ್ಕಿತು. ಬಿಲ್ಲನ್ನು ಅವನು ನನ್ನ ಕೈಗೇ ಕೊಟ್ಟ.

ಸಂಪಿಗೆ ಇಳಿಯದೆ ಮೇಲಿಂದಲೇ ಮಾಡಬಹುದಾದ ಕೆಲಸ ಇದು, ಹಾಗೇ ಮಾಡಬೇಕು. ಮುಚ್ಚಿದ ಸಂಪಿನೊಳಗೆ ಗಾಳಿ ಕೆಟ್ಟಿರುತ್ತದೆ. ಮುಚ್ಚಳ ತೆಗೆದು ತುಂಬ ಹೊತ್ತು ಬಿಡದೆ, ಮೇಲೆ ಒಬ್ಬರು ಇಲ್ಲದೆ ಇಳಿದು ಜೀವ ಕಳೆದುಕೊಂಡವರಿದ್ದಾರೆ. ನಮ್ಮ ವಯಸ್ಸಿನವರು ಇಳಿಯುವ ಮಾತೇ ಬೇಡ. ಅವಳು ಮಣೆ ಹಾಕಿಕೊಂಡು ಅಂಚಿನಲ್ಲಿ ಕೂತಳು, ನನ್ನ ಕೆಲಸ ಟಾರ್ಚ್ ಹಿಡಿಯುವುದು. ಕಡ್ಡಿಯನ್ನು ವಾಲ್ವಿಗೆ ಸಿಕ್ಕಿಸಿದ ಸ್ಪ್ಲಿಟ್ ಪಿನ್ನಿನ ಕಾಲು ನೇರ ಮಾಡಿ ಎಳೆದರೆ ಕಡ್ಡಿ ಕೈಗೆ ಬರುತ್ತದೆ, ಹಿಂದೆಯೇ ವಾಷರ್ ಕೂರುವ ಪಿಸ್ಟನ್ ಜಾರಿ ಬರುತ್ತದೆ. ಕೆಳಗೆ ಒಂದು ಕೈ ಒಡ್ಡಿರಬೇಕು, ಇಲ್ಲದಿದ್ದರೆ ಸಂಪಿಗೆ ಬಿದ್ದು ಅರ್ಧ ದಿನ ಅಯಸ್ಕಾಂತ ಕಟ್ಟಿ ಹುಡುಕಿದರೂ ಪ್ರಯೋಜನವಿಲ್ಲ, ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಪಿಸ್ಟನ್ನಿಗೆ ಕಟ್ಟಿದ ಸುಣ್ಣವನ್ನು ಪೂಜೆ ಪಾತ್ರೆ ಉಜ್ಜುವ ಹುಣಸೆಹಣ್ಣಿನಿಂದಲೇ ಉಜ್ಜಿದಳು. ಉಪ್ಪುಕಾಗದ ಹಾಕಿದರೆ ಗೀಚಿ ಅಲ್ಲೇ ಸೋರಲು ಶುರುವಾಗುತ್ತದಂತೆ. ವಾಷರಿಗೆ ಎಣ್ಣೆ, ಗ್ರೀಸು ಸವರಬಾರದು, ರಬ್ಬರ್ ಉಬ್ಬಿಕೊಳ್ಳುತ್ತದೆ. ಹಳೆ ಪಿನ್ನು ಕಬ್ಬಿಣದ್ದು, ತುಕ್ಕು ಹಿಡಿದು ದಾರದಷ್ಟು ಸಣ್ಣಗಾಗಿತ್ತು. ಬಾಲು ಕೈಕೊಡದಿದ್ದರೆ ಇನ್ನೆರಡು ತಿಂಗಳಿಗೆ ಅದು ಕೈಕೊಡುತ್ತಿತ್ತು.

ಕೊನೆಯದು ಮಟ್ಟ. ನೀರು ಒಳಬರುವ ಬಾಯಿಗಿಂತ ಆರು ಇಂಚು ಕೆಳಗೇ ನಿಲ್ಲಬೇಕು. ಬಾಯಿ ನೀರಿನಲ್ಲಿ ಮುಳುಗಿದ್ದರೆ, ಬೀದಿಯ ಲೈನಿನಲ್ಲಿ ಒತ್ತಡ ಬಿದ್ದಾಗ ಸಂಪಿನ ನೀರೇ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ನಮ್ಮ ಸಂಪಿನ ಕೊಳೆ ಪಕ್ಕದ ಮನೆಯವರ ಬಿಂದಿಗೆಗೆ. ಮಟ್ಟ ಇಳಿಸಲು ಕಡ್ಡಿಯನ್ನು ನಡುವಿನಲ್ಲಿ ಕೆಳಕ್ಕೆ ಬಗ್ಗಿಸಬೇಕು. ಎರಡೂ ಕೈಯಲ್ಲಿ ಕಡ್ಡಿಯನ್ನೇ ಹಿಡಿದು ಬಗ್ಗಿಸಬೇಕು, ಬಾಲು ಹಿಡಿದು ಒತ್ತಿದರೆ ಭಾರವೆಲ್ಲ ಬಾಡಿಯ ಮೇಲೆ ಬಿದ್ದು ಪೈಪಿನ ಜಾಯಿಂಟು ಸಡಿಲವಾಗುತ್ತದೆ. ಮಾಡಿ ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು: "ಯಾಕೆ ರೀ, ನನಗೆ ಕಿವಿ ಕೇಳಲ್ಲ ಅಂತ ಅಂದುಕೊಂಡ್ನಾ ಅವನು?"

"ಇಲ್ಲ ಕಣೇ."

"ನೀವು ಯಾಕೆ ತಿರುಗಿ ಹೇಳಿದ್ರಿ ಮತ್ತೆ?"

ಉತ್ತರ ಇರಲಿಲ್ಲ. ಟಾರ್ಚ್ ಆರಿಸಿದೆ.

ಮಂಗಳವಾರ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಪ್ರತಿ ವರ್ಷ ದಸರಾ ಜನ ಕರಗಿದ ಮೇಲೆ ಒಂದು ದಿನ ಹೀಗೆ ಹೊರಡುವುದು ರೂಢಿ. ಗುಂಡ್ಲುಪೇಟೆ ದಾಟಿ ಹಂಗಳದ ಹತ್ತಿರ ಊಟಿ ರಸ್ತೆ ಬಿಟ್ಟು ಒಳಗೆ ಹೋಗಬೇಕು. ಬೆಟ್ಟದ ಬುಡದಲ್ಲಿ ಅರಣ್ಯ ಇಲಾಖೆಯ ಗೇಟು, ಅಲ್ಲಿಂದ ಮೇಲೆ ಸ್ವಂತ ಗಾಡಿ ಬಿಡುವುದಿಲ್ಲ, ಕೆಎಸ್ಸಾರ್ಟಿಸಿ ಬಸ್ಸೇ. ಭಾನುವಾರ ಹೋದವರು ಕ್ಯೂ ನೋಡಿ ವಾಪಸ್ಸು ಬರುತ್ತಾರೆ. ವಾರದ ಮಧ್ಯೆ, ಬೆಳಿಗ್ಗೆ ಹೊತ್ತಿಗೆ ಮುಂಚೆ ಹೋದರೆ ಕಿಟಕಿ ಪಕ್ಕ ಸೀಟು ಸಿಗುತ್ತದೆ. ಬಸ್ಸಿನ ಎಡಗಡೆ ಬಲಗಡೆ ಎರಡೂ ಚೆಂದ. ಮೇಲೆ 1,454 ಮೀಟರ್ ಎತ್ತರ, ಮೈಸೂರಿನಲ್ಲಿ ಬೆವರುತ್ತ ಹೊರಟವರಿಗೆ ಅಲ್ಲಿ ಸ್ವೆಟರ್ ಬೇಕು. ಬುತ್ತಿಗೆ ಚಿತ್ರಾನ್ನ, ಮೊಸರನ್ನ, ಹಬ್ಬದಲ್ಲಿ ಉಳಿದ ಚಕ್ಕುಲಿ. ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿ ಕಲಸಿದರೆ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗದೆ ಸರಿಯಾಗಿರುತ್ತದೆ.

ಹದಿನಾಲ್ಕನೇ ಶತಮಾನದ, ಹೊಯ್ಸಳ ಬಲ್ಲಾಳನ ಕಾಲದ್ದೆಂದು ಹೇಳುವ ಗುಡಿ. ಗರ್ಭಗುಡಿ ಬಾಗಿಲ ಮೇಲ್ಭಾಗದಲ್ಲಿ ಸದಾ ತಣ್ಣೀರು ಜಿನುಗುತ್ತದೆ, ಅರ್ಚಕರು ಅದನ್ನೇ ಭಕ್ತರ ತಲೆಗೆ ಪ್ರೋಕ್ಷಿಸುತ್ತಾರೆ. ಎಲ್ಲರೂ ಕಣ್ಮುಚ್ಚಿ ಕೈಮುಗಿದಿದ್ದರು. ಇವಳು ಕಣ್ಣು ಬಿಟ್ಟು ಚಾವಣಿ ನೋಡುತ್ತಿದ್ದಳು. ನನ್ನ ಕಿವಿಯ ಹತ್ತಿರ ಬಂದು, "ಫಾಯಿಲ್ ಅಂಟಿಸಿ ನೋಡಬೇಕು" ಅಂದಳು. ಗುಡಿಯಲ್ಲಿ ನಗುವ ಹಾಗಿರಲಿಲ್ಲ.

ಮನೆಯ ಮಲಗುವ ಕೋಣೆಯ ಗೋಡೆಯಲ್ಲಿ ಮಳೆಗಾಲದಿಂದ ಒಂದು ತೇವದ ಕಲೆ ಇದೆ. ಹೊರಗಿನ ನೀರು ಇಳಿದಿದ್ದೋ, ಕೋಣೆಯ ಗಾಳಿಯ ತೇವ ತಣ್ಣನೆ ಗೋಡೆಗೆ ಬೆವರಾಗಿ ಕೂತಿದ್ದೋ ಅಂತ ತಿಳಿಯಲು ಸುಲಭದ ದಾರಿಯಿದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದಡಿ ಚೌಕ ಕತ್ತರಿಸಿ, ಕಲೆಯ ಮೇಲಿಟ್ಟು, ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪು ಹಾಕಿ ಎರಡು ದಿನ ಬಿಡಬೇಕು. ಹನಿ ಕೋಣೆಯ ಕಡೆ ಕಟ್ಟಿದ್ದರೆ ಗಾಳಿಯದ್ದು, ಕಿಟಕಿ ತೆರೆದಿಟ್ಟರೆ ಸಾಕು. ಗೋಡೆಯ ಕಡೆ ಕಟ್ಟಿದ್ದರೆ ಗೋಡೆಯದ್ದು. ನಮ್ಮದು ಗೋಡೆಯದ್ದು. ಬೆಟ್ಟದ ಮೇಲಿನದು ಮಂಜು ತಣ್ಣನೆ ಕಲ್ಲಿಗೆ ತಾಗಿ ನೀರಾಗುವುದಿರಬೇಕು, ಅವಳ ಲೆಕ್ಕದಲ್ಲಿ ಮೊದಲನೇ ಜಾತಿ. "ದೇವರಿಗೆ ಮೇಸ್ತ್ರಿ ಖರ್ಚಿಲ್ಲ" ಅಂತ ಬಸ್ಸಿನಲ್ಲಿ ಹೇಳಿದಳು.

ಅರ್ಚನೆಗೆ ನಿಂತಾಗ ಅರ್ಚಕರು ನನ್ನನ್ನು ಕೇಳಿದರು: ಗೋತ್ರ, ನಕ್ಷತ್ರ? ಗೋತ್ರ ಹೇಳಿದೆ. ನಕ್ಷತ್ರ ನಾಲಿಗೆಗೆ ಬರಲಿಲ್ಲ. ಅವಳ ಕಡೆ ತಿರುಗಿದೆ. ಅವಳು ನನ್ನದು, ತನ್ನದು, ಮಕ್ಕಳದು, ಸೊಸೆಯದು, ಮೊಮ್ಮಗಳದು ಎಲ್ಲ ರಾಶಿ ಸಮೇತ ಹೇಳಿದಳು. ಅರ್ಚಕರು ಪ್ರಸಾದ ನನ್ನ ಕೈಗೆ ಕೊಟ್ಟರು. ಮೆಟ್ಟಿಲಿಳಿಯುವಾಗ ಮತ್ತೆ ಅದೇ ನೆನಪಾಯಿತು, ಮೇಡಂಗೆ ಹೇಳಿ ಸಾರ್. ಆದರೆ ಈ ಸಲ ತಿರುಗಿದ್ದು ಹೇಳಲಿಕ್ಕಲ್ಲ, ಕೇಳಲಿಕ್ಕೆ. ಲೆಕ್ಕ ಹಾಕುತ್ತ ಹೋದರೆ ಮದುವೆಯಾದಾಗಿನಿಂದ ನಾನು ಅವಳ ಕಡೆ ತಿರುಗಿದ್ದೆಲ್ಲ ಕೇಳಲಿಕ್ಕೇ. ಬೇರೆ ಊರಿಗೆ ವರ್ಗವಾಗಿ ನಾನು ಶನಿವಾರ ಬಂದು ಸೋಮವಾರ ಹೋಗುತ್ತಿದ್ದ ವರ್ಷಗಳಲ್ಲಿ ರಾತ್ರಿ ಮೂರಕ್ಕೆ ನೀರು ಬಂದಾಗ ಎದ್ದವಳು ಅವಳು, ಫ್ಯೂಸ್ ಕಟ್ಟಿದವಳು ಅವಳು. ಗ್ಯಾಸ್ ಬುಕ್ಕಿನಲ್ಲಿ, ನೀರಿನ ಬಿಲ್ಲಿನಲ್ಲಿ ಇರುವುದು ನನ್ನ ಹೆಸರು. ಆ ಹುಡುಗ ಬಿಲ್ಲನ್ನು ನನ್ನ ಕೈಗೆ ಕೊಟ್ಟಿದ್ದರಲ್ಲಿ ಹೊಸದೇನಿದೆ? ನಾನೂ ನಿವೃತ್ತಿಯ ದಿನದವರೆಗೆ ಕೌಂಟರಿನ ಹಿಂದೆ ಕೂತಿದ್ದವನೇ. "ಯಜಮಾನರನ್ನ ಕಳಿಸಿ ಅಮ್ಮ" ಅಂತ ಎಷ್ಟು ಜನರಿಗೆ ಅಂದಿದ್ದೇನೋ.

ಮರುದಿನ ಅವಳು ಎಣ್ಣೆಬಣ್ಣದ ಚಿಕ್ಕ ಡಬ್ಬಿ ತಂದು ಮೀಟರ್ ಗೂಡಿನ ಒಳಗೋಡೆಗೆ ಬಾಣದ ಗುರುತು ಬರೆದಳು: ಇದು ಬೀದಿ ಲೈನು, ಇದು ಸಂಪು, ಇದು ತೋಟ. ಮೇಲಿನ ಟ್ಯಾಂಕಿನ ಪೈಪುಗಳಿಗೂ ಬರೆದಳು, ಬಚ್ಚಲು, ಅಡುಗೆಮನೆ, ಸೋಲಾರ್. ಕ್ಯಾಲೆಂಡರಿನ ಹಿಂದೆ ಒಂದು ಚೀಟಿ: ಸಾವಿರ ಲೀಟರಿನ ಟ್ಯಾಂಕು ತೊಳೆದ ಮೇಲೆ 150 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಿನಲ್ಲಿ ಕದಡಿ, ಗಸಿ ಕೂತ ಮೇಲೆ ತಿಳಿಯನ್ನು ಮಾತ್ರ ಸುರಿದು, ಟ್ಯಾಂಕು ತುಂಬಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಅದಷ್ಟನ್ನೂ ಚೆಲ್ಲಬೇಕು, ಕುಡಿಯಬಾರದು. "ಯಾರಿಗೆ ಇದೆಲ್ಲ?" ಅಂದೆ. "ನಾನು ಮಗಳ ಮನೆಗೆ ಹೋದಾಗ ನಿಮಗೆ ಬೇಕಲ್ಲ" ಅಂದಳು. ಮಗಳ ಮನೆಗೆ ನಾವಿಬ್ಬರೂ ಒಟ್ಟಿಗೇ ಹೋಗುವುದು. ಇಬ್ಬರೂ ಅದನ್ನು ಮುಂದುವರಿಸಲಿಲ್ಲ. ಅವತ್ತು ರಾತ್ರಿ ಬಾಣಗಳನ್ನು ಟಾರ್ಚ್ ಹಾಕಿ ಒಂದು ಸಲ ಓದಿಕೊಂಡು ಬಂದೆ.

ಇವತ್ತು ತಾರಸಿ ಕೆಲಸ. ತಾರಸಿಯೂ ಪ್ಯಾರಾಪೆಟ್ ಗೋಡೆಯೂ ಸೇರುವ ಮೂಲೆಯಲ್ಲಿ ಕೂದಲೆಳೆಯ ಬಿರುಕಿತ್ತು. ಒಳಗೆ ಕಲೆ ಬಿದ್ದ ಜಾಗಕ್ಕೂ ಬಿರುಕಿಗೂ ಮೂರಡಿ ದೂರ, ನೀರು ಸಂದಿ ಹಿಡಿದು ನಡೆದು ಎಲ್ಲೋ ಇಳಿಯುತ್ತದೆ. ಹೋದ ವರ್ಷ ನಾನು ಕಲೆಯ ಮೇಲೆ ಒಳಗಿನಿಂದ ಬಣ್ಣ ಬಳಿಸಿ ದುಡ್ಡು ಹಾಳು ಮಾಡಿದ್ದೆ, ಮೂರು ತಿಂಗಳಿಗೆ ಗುಳ್ಳೆ ಎದ್ದು ಉದುರಿತು. ಈ ಸಲ ಬಿರುಕನ್ನು ಉಳಿಯಿಂದ ಅರ್ಧ ಇಂಚು ಅಗಲ ಬಿಡಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಗೋಡೆ ಇನ್ನೂ ಒದ್ದೆಯಿರುವಾಗಲೇ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳು ಹಾಕಿ, ನೀರಿಗೆ ಲೇಟೆಕ್ಸ್ ದ್ರವ ಬೆರೆಸಿ ಕಲಸಿ ತುಂಬಿದೆವು. ಒಣಗಿದ ಗೋಡೆಗೆ ತುಂಬಿದರೆ ಅದು ಗಾರೆಯ ನೀರನ್ನೆಲ್ಲ ಹೀರಿಕೊಂಡು ಹೊಸ ಬಿರುಕು ಕೊಡುತ್ತದೆ. ಮೂಲೆಯಲ್ಲಿ ನೀರು ನಿಲ್ಲದ ಹಾಗೆ ಎರಡಿಂಚಿನ ಇಳಿಜಾರು ಎಳೆದು, ಚಮಚದ ಬೆನ್ನಿನಿಂದ ನುಣ್ಣಗೆ ಮಾಡಿದ್ದು ಅವಳು. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಬೇಕು, ಹೆಚ್ಚು ಕಲಸಿದ್ದು ಬಾಣಲೆಯಲ್ಲೇ ಗಟ್ಟಿಯಾಗುತ್ತದೆ. ಆಯಿತು ಕೂಡ, ಕಲಸಿದವನು ನಾನು. ಮೇಲಿನ ವಾಟರ್‌ಪ್ರೂಫ್ ಕೋಟಿಂಗ್ ಈಗ ಬೇಡ, ಜನವರಿಯಲ್ಲಿ ತಾರಸಿ ಪೂರ್ತಿ ಒಣಗಿದ ಮೇಲೆ, ಮೊದಲನೇ ಕೋಟು ಅಡ್ಡ, ಎರಡನೆಯದು ಉದ್ದ. ಮೈಸೂರಿಗೆ ಜುಲೈಗಿಂತ ಅಕ್ಟೋಬರಿನಲ್ಲೇ ಮಳೆ ಜಾಸ್ತಿ, ಒದ್ದೆ ತಾರಸಿಯ ಮೇಲೆ ಕೋಟಿಂಗ್ ಬಳಿದರೆ ಹಪ್ಪಳದ ಹಾಗೆ ಎದ್ದುಬರುತ್ತದೆ. ಒಳಗಿನ ಗೋಡೆಗೂ ಅಲ್ಲಿಯವರೆಗೆ ಬಣ್ಣವಿಲ್ಲ.

ನಾಲ್ಕು ಗಂಟೆಗೆ ಚಾಮುಂಡಿ ಬೆಟ್ಟದ ಕಡೆಯಿಂದ ಮೋಡ ಕಟ್ಟಿತು. ಹಸಿ ಗಾರೆಗೆ ಮಳೆ ಹೊಡೆಯಬಾರದು ಅಂತ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗೋಣಿ ಹಾಸಿದ್ದಾಯಿತು. ಗಾಳಿ ಎದ್ದಿದೆ. ಗೋಣಿ ಹಾರದ ಹಾಗೆ ಇಟ್ಟಿಗೆ ತನ್ನಿ ಅಂತ ಮೇಲಿಂದ ಕೂಗುತ್ತಿದ್ದಾಳೆ. ಎಷ್ಟು ಬೇಕು ಅಂತ ಕೇಳಿಕೊಂಡು ಬರುತ್ತೇನೆ.