ಮಹಡಿಯ ಮೇಲಿನ ದೃಶ್ಯ

ಪಾವಗಡದಿಂದ ತುಮಕೂರಿನ ನಮ್ಮ ಕಾಲೇಜಿಗೆ ಬಂದಾಗ ನನಗೆ ಮನೆಯ ಮಾತು ತೆಲುಗು. ಕನ್ನಡದಲ್ಲಿ ಬರೆಯಲು ಕುಳಿತರೆ ಒತ್ತಕ್ಷರಗಳ ಭಯ. ನಾಟಕ ಸಂಘ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಮೇಡಂ ಅದನ್ನು ಗಮನಿಸಿದ್ದರೇನೋ, ಒಂದು ಸಂಜೆ ನಾಟಕಕಾರ್ತಿ ಮರಿಯಾ ಐರೀನ್ ಫೋರ್ನೆಸ್ ಕಥೆ ತೆಗೆದರು.

1930ರಲ್ಲಿ ಕ್ಯೂಬಾದ ಹವಾನಾದಲ್ಲಿ ಹುಟ್ಟಿದಾಕೆ. ತಂದೆ ತೀರಿಕೊಂಡ ಮೇಲೆ 1945ರಲ್ಲಿ ತಾಯಿ ಮತ್ತು ಸಹೋದರಿಯೊಂದಿಗೆ ಅಮೆರಿಕಕ್ಕೆ ಬಂದು ಪಾದರಕ್ಷೆ ಕಾರ್ಖಾನೆಯಲ್ಲಿ ದುಡಿದರು, ಚಿತ್ರಕಲೆ ಕಲಿತರು. ಪ್ಯಾರಿಸ್‌ನಲ್ಲಿ ಬೆಕೆಟ್‌ನ ನಾಟಕವೊಂದನ್ನು ನೋಡಿ ಬೆರಗಾದದ್ದು ಫ್ರೆಂಚ್ ಬಾರದೆಯೇ! ಮುಂದೆ ನಾಟಕ ಬರೆದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಬರವಣಿಗೆ ಸಾಗದೆ ಒದ್ದಾಡುತ್ತಿದ್ದ ಗೆಳತಿ ಸೂಸನ್ ಸಾಂಟಾಗ್‌ಗೆ ಇದೆಷ್ಟು ಸುಲಭ ನೋಡು ಎಂದು ತೋರಿಸಲು, ಅಡುಗೆ ಪುಸ್ತಕದ ಒಂದು ಪುಟ ತೆರೆದು, ಅದರ ಪ್ರತಿ ವಾಕ್ಯದ ಮೊದಲ ಪದವನ್ನು ಹಿಡಿದುಕೊಂಡು ಕಥೆ ಕಟ್ಟಲು ಕುಳಿತರಂತೆ.

ಮೇಡಂ ನಮಗೆ ಕೊಟ್ಟದ್ದು ಬಸ್ಸಿನ ವೇಳಾಪಟ್ಟಿ. ಪ್ರತಿ ಸಂಭಾಷಣೆಯೂ ಒಂದೊಂದು ಊರಿನ ಹೆಸರಿನಿಂದ ಶುರುವಾಗಬೇಕು. "ಮಧುಗಿರಿ ಬಸ್ಸು ಹೋಯಿತೇನೇ?" "ಕೊರಟಗೆರೆಯವರೆಗಾದರೂ ಹೋಗೋಣ, ಬಾರೇ." ನಾನು ಕನ್ನಡದಲ್ಲಿ ಬರೆದ ಮೊದಲ ಮಾತುಗಳು ಇವೇ. ಒತ್ತಕ್ಷರ ತಿದ್ದುವ ಗೋಜಿಗೆ ಮೇಡಂ ಹೋಗಲಿಲ್ಲ. "ಆಮೇಲೆ ಬಸ್ಸು ಸಿಕ್ಕಿತೇನಮ್ಮಾ?" ಎಂದಷ್ಟೇ ಕೇಳಿದರು.

ಅದೇ ಬೆಳೆದು ವಾರ್ಷಿಕೋತ್ಸವಕ್ಕೆ ಹಾಸ್ಟೆಲ್ ಹುಡುಗಿಯರ ನಾಟಕವಾಯಿತು. ಅದರ ವಿನ್ಯಾಸ ಮಾತ್ರ ಫೋರ್ನೆಸ್ ಅವರಿಂದ ಕಡ ತಂದದ್ದು. 1977ರ 'ಫೆಫು ಅಂಡ್ ಹರ್ ಫ್ರೆಂಡ್ಸ್'ನಲ್ಲಿ ಅವರು ಪ್ರೇಕ್ಷಕರನ್ನು ನಾಲ್ಕು ಗುಂಪು ಮಾಡಿ ಬೇರೆ ಬೇರೆ ಜಾಗಗಳಿಗೆ ಕಳುಹಿಸಿದರು. ನಟಿಯರು ಅದೇ ದೃಶ್ಯವನ್ನು ನಾಲ್ಕು ಸಲ ಆಡಬೇಕು. ನ್ಯೂಯಾರ್ಕಿನ ಸಣ್ಣ ರಂಗಮಂದಿರಗಳ ನಾಟಕಗಳಿಗೆ ಕೊಡುವ ಓಬಿ ಪ್ರಶಸ್ತಿಯನ್ನು ಒಂಬತ್ತು ಸಲ ಪಡೆದ, 1990ರಲ್ಲಿ ಅಮೆರಿಕದ ಪುಲಿಟ್ಜರ್ ನಾಟಕ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದ ಈ ಲೇಖಕಿಯ ಹೆಸರು ನಮ್ಮ ಪಠ್ಯದಲ್ಲಿ ಎಲ್ಲಿಯೂ ಇರಲಿಲ್ಲ. ನ್ಯೂಯಾರ್ಕಿನ ಇಂಟಾರ್ ರಂಗಸಂಸ್ಥೆಯಲ್ಲಿ ಅವರ ಬಳಿ ಕಲಿತವರಲ್ಲಿ ಕ್ಯೂಬಾದಿಂದಲೇ ಬಂದ ನಿಲೋ ಕ್ರೂಸ್ 2003ರಲ್ಲಿ ಪುಲಿಟ್ಜರ್ ಗೆದ್ದರು. ಫೋರ್ನೆಸ್ 2018ರಲ್ಲಿ ತೀರಿಕೊಂಡರು.

ನಮ್ಮ ನಾಟಕಕ್ಕೆ ತಾತ ಬಂದಿದ್ದರು. ಗುಬ್ಬಿ ಕಂಪನಿ ರಂಗದ ಮೇಲೆ ಆನೆ ತಂದ ವೈಭವವನ್ನೇ ಹಾಡಿ ಹೊಗಳುತ್ತಿದ್ದವರು ಅವರು. "ದುಡ್ಡು ಕೊಟ್ಟು ಕೂತವರನ್ನು ಎಬ್ಬಿಸುವುದು ಯಾವ ನಾಟಕವಮ್ಮ?" ಎಂದು ಗೊಣಗುತ್ತಲೇ ಪ್ರಯೋಗಾಲಯ, ಗ್ರಂಥಾಲಯ, ಅಂಗಳ ಎಲ್ಲ ಸುತ್ತಿದರು (ಟಿಕೆಟ್ಟೇ ಇರಲಿಲ್ಲ, ಆ ಮಾತು ಬೇರೆ). ಮಂಡಿನೋವಿನಿಂದಾಗಿ ಮಹಡಿ ಮಾತ್ರ ಹತ್ತಲಿಲ್ಲ. ಊರಿಗೆ ಹೋದ ಮೇಲೆ ತಿಂಗಳುಗಟ್ಟಲೆ ಒಂದೇ ವಿಚಾರಣೆ: ಮಹಡಿಯ ಮೇಲೆ ಆ ಹುಡುಗಿ ವಾರ್ಡನ್‌ಗೆ ಏನು ಹೇಳಿದಳು?