ಗೊತ್ತಿದೆ ಸರ್, ಆದರೂ...

ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ಕಾರ್ಯಕ್ರಮ ಮುಗಿದು ನಾಲ್ಕು ದಿನವಾಯಿತು. ಎದೆಗೆ ಚುಚ್ಚಿಕೊಂಡಿದ್ದ ಕೆಂಪು ರಿಬ್ಬನ್ ಅಂಗಿಯ ಜೊತೆ ಒಗೆತಕ್ಕೂ ಹೋಗಿ ಬಂತು. ಆ ಹುಡುಗಿಯ ‘ಆದರೂ’ ಮಾತ್ರ ಹೋಗುತ್ತಿಲ್ಲ.

ರಸಪ್ರಶ್ನೆಯಲ್ಲಿ ಮೊದಲ ಬಹುಮಾನ ಅವಳದೇ. ಎಚ್‌ಐವಿ ಹರಡುವ ದಾರಿಗಳು, ಆ ವೈರಾಣು ನಾಶ ಮಾಡುವ ಸಿಡಿ4 ಎಂಬ ಬಿಳಿ ರಕ್ತಕಣ, ಸಹಾಯವಾಣಿ 1097, ಯಾವುದಕ್ಕೂ ತಡವರಿಸಲಿಲ್ಲ. ಸೊಳ್ಳೆ ಕಚ್ಚಿದರೆ ಹರಡುತ್ತದೆಯೇ ಎಂಬ ಪ್ರಶ್ನೆಗೆ ನಕ್ಕೇಬಿಟ್ಟಳು. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತನಾಡಿಯೂ ಕಾಂಡೋಮ್ ಎಂಬ ಪದ ಬಾಯಿಂದ ಜಾರದಂತೆ ಕಾಪಾಡಿಕೊಂಡಿದ್ದರು. ‘ಆ ಸಾಧನ’ ಎಂದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ. ಇವಳು ಮೈಕಿನಲ್ಲಿ ಹೇಳಿ ಕುಳಿತಳು. ಜೀವಶಾಸ್ತ್ರದ ಮೇಷ್ಟ್ರಾದ ನನಗೆ ಹೆಮ್ಮೆಯೇ ಆಯಿತು.

ಬಹುಮಾನದ ಸ್ಟೀಲ್ ಡಬ್ಬಿ ಹಿಡಿದು ಬಂದವಳನ್ನು ಸುಮ್ಮನೆ ಕೇಳಿದೆ: “ನಿನ್ನ ಹಾಸ್ಟೆಲ್ ಕೋಣೆಯಲ್ಲಿ ಎಚ್‌ಐವಿ ಇರುವ ಹುಡುಗಿ ಇದ್ದರೆ?”

“ವಾರ್ಡನ್‌ಗೆ ಹೇಳಿ ಬೇರೆ ಕೋಣೆಗೆ ಹೋಗುತ್ತೇನೆ ಸರ್.”

“ಜೊತೆಗಿದ್ದರೆ ಹರಡುವುದಿಲ್ಲ ಎಂದು ಈಗ ತಾನೆ ಹೇಳಿದೆಯಲ್ಲ?”

“ಗೊತ್ತಿದೆ ಸರ್. ಆದರೂ...”

2017ರ ಎಚ್‌ಐವಿ-ಏಡ್ಸ್ ಕಾಯ್ದೆಯ ಮಾತು ಎತ್ತಿದೆ. ಸೋಂಕಿನ ಕಾರಣಕ್ಕೆ ಯಾರನ್ನೂ ಶಾಲೆ, ಕೆಲಸ, ಬಾಡಿಗೆ ಮನೆಯಿಂದ ದೂರ ಇಡುವಂತಿಲ್ಲ ಎಂದೆ. ಸರ್ಕಾರವೇ ಮಾತ್ರೆ ಉಚಿತವಾಗಿ ಕೊಡುತ್ತದೆ, ತಪ್ಪದೆ ನುಂಗಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದಲೂ ಹರಡುವುದಿಲ್ಲ ಎಂದೆ. ತಲೆಯಾಡಿಸಿದಳು. ಎಲ್ಲಕ್ಕೂ ‘ಗೊತ್ತಿದೆ’, ಎಲ್ಲಕ್ಕೂ ‘ಆದರೂ’. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೇಷ್ಟ್ರಿಗೆ ಹಿತವಾಗುವ ಉತ್ತರ ಅವಳಿಗೆ ತಿಳಿದಿತ್ತು, ಆದರೆ ಸುಳ್ಳು ಹೇಳಲಿಲ್ಲ.

“ನೀವಾಗಿದ್ದರೆ ಸರ್?”

“ನನಗೇನಮ್ಮ ತೊಂದರೆ?” ಎಂದೆ, ಒಂದು ಕ್ಷಣವೂ ತಡೆಯದೆ.

ಅಂದು ರಾತ್ರಿ ಮಾವ ನೆನಪಾದ. ಲಾರಿ ಓಡಿಸುತ್ತಿದ್ದ ಸೋದರಮಾವ. ಸರ್ಕಾರದ ಉಚಿತ ಎಆರ್‌ಟಿ (ವೈರಾಣುವನ್ನು ಹತ್ತಿಕ್ಕುವ ಮಾತ್ರೆಗಳ ಚಿಕಿತ್ಸೆ) ಶುರುವಾದದ್ದು 2004ರಲ್ಲಿ. ಅವನು ಅದಕ್ಕೂ ಮೊದಲೇ ಹೋದ. ಕೊನೆಯ ವರ್ಷ ಅಜ್ಜಿ ಅವನ ತಟ್ಟೆ, ಲೋಟವನ್ನು ಹಿತ್ತಿಲ ಕಟ್ಟೆಯ ಮೇಲೆ ಬೇರೆಯಾಗಿ ಬೋರಲು ಹಾಕುತ್ತಿದ್ದಳು. ಓದಿಲ್ಲದ ಮುದುಕಿ ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ನಾನಾಗ ಎಂಎಸ್ಸಿ ಓದುತ್ತಿದ್ದವನು, ಅದೇ ವೈರಾಣುವಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುತ್ತಿದ್ದವನು. ಒಂದು ಸಂಜೆ ಮಾವ ತಾನು ಕುಡಿಯುತ್ತಿದ್ದ ಕಾಫಿಯಲ್ಲಿ ಅರ್ಧವನ್ನು ಬಸಿಗೆ ಬಗ್ಗಿಸಿ ನನ್ನತ್ತ ಸರಿಸಿದ, ಚಿಕ್ಕಂದಿನಲ್ಲಿ ಕೊಡುತ್ತಿದ್ದಂತೆ.

“ಹೊಟ್ಟೆ ಸರಿಯಿಲ್ಲ ಮಾವ” ಎಂದೆ.

ಅವನು ಏನೂ ಹೇಳಲಿಲ್ಲ. ಬಸಿಯನ್ನು ಎರಡು ಕೈಯಲ್ಲಿ ಎತ್ತಿ, ಒಂದು ಹನಿಯೂ ಚೆಲ್ಲದಂತೆ, ಕಾಫಿಯನ್ನು ತನ್ನ ಲೋಟಕ್ಕೇ ಸುರಿದುಕೊಂಡ.